‘ಹಿಸ್’ ಅಂದ್ರೆ ಯಾರದು?

ಕಳೆದ ತಿಂಗಳು ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಈಗ ಆರನೇ ಕ್ಲಾಸು. ಊಟದ ಟೇಬಲ್ ಮೇಲೆ ಇಂಗ್ಲಿಷ್ ಗ್ರಾಮರ್ ಪುಸ್ತಕ ಹರಡಿಕೊಂಡು ಕೂತಿದ್ದಳು. ಒಟ್ಟು 20 ವಾಕ್ಯ. ಪ್ರತಿಯೊಂದರಲ್ಲೂ ಪ್ರೊನೌನ್ ಹುಡುಕಿ ಸುತ್ತ ಗೆರೆ ಎಳೀಬೇಕು, ಪಕ್ಕದಲ್ಲಿ ಅದು ಯಾವ ನಾಮಪದದ ಬದಲು ಬಂದಿದೆ ಅಂತ ಬರೀಬೇಕು. 19 ವಾಕ್ಯ ಸಲೀಸಾಗಿ ಮುಗಿದವು. ಕೊನೆಯದು ‘ಇಟ್ ಈಸ್ ರೇನಿಂಗ್’. ‘ಇಟ್’ ಸುತ್ತ ಗೆರೆ ಎಳೆದಳು, ಪಕ್ಕದ ಜಾಗ ಖಾಲಿ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಮಾಮ, ಇಲ್ಲಿ ಇಟ್ ಅಂದ್ರೆ ಯಾರು?”

ಮಳೆ, ಅಂದೆ. “ಹಾಗಾದ್ರೆ ರೇನ್ ಈಸ್ ರೇನಿಂಗ್ ಅಂತ ಬರೀಲಾ?” ಅಂದಳು. ಬೇಡ, ಆಕಾಶ ಅಂತ ಬರಿ ಅಂದೆ. “ಆಕಾಶ ಮಳೆ ಬರುತ್ತಾ?” ಅಂತ ನಕ್ಕಳು. ಹದಿನೈದು ವರ್ಷದಿಂದ ಇಂಗ್ಲಿಷಲ್ಲೇ ಈಮೇಲ್ ಬರೆದು ಸಂಬಳ ಎಣಿಸ್ತಿರೋ ನಾನು ಆರನೇ ಕ್ಲಾಸಿನ ಹೋಮ್‌ವರ್ಕ್ ಮುಂದೆ ಸುಮ್ಮನೆ ಕೂತೆ.

ಅವಳ ಪ್ರಶ್ನೆ ನನಗೆ ಬರೀ ತಮಾಷೆಯಾಗಿ ಕೇಳಲಿಲ್ಲ. ಒಂದು ಪ್ರೊನೌನ್‌ನಿಂದ ಒಬ್ಬರಿಗೆ ಅನ್ಯಾಯ ಆಗಿದ್ದನ್ನ ನೋಡಿದ್ದೇನೆ. ನೋಡಿದ್ದೇನೆ ಅಂತ ಯಾಕೆ ಹೇಳಲಿ, ಆ ಪ್ರೊನೌನ್ ಬರೆದವನೇ ನಾನು. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಆ ಪುಸ್ತಕದ ವಿಚಾರ.

ನಮ್ಮ ಶಾಲಾ ಗ್ರಾಮರ್ ಪುಸ್ತಕಗಳೆಲ್ಲ ಸರ್ವನಾಮದ ಪಾಠವನ್ನ ಶುರು ಮಾಡೋದು ಒಂದೇ ರೀತಿ. ಒಂದು ಹೆಸರನ್ನ ಪದೇ ಪದೇ ಹೇಳಿದರೆ ಕಿವಿಗೆ ಚೆನ್ನಾಗಿರಲ್ಲ, ಆದ್ದರಿಂದ ಅದರ ಬದಲು ಒಂದು ಚಿಕ್ಕ ಪದ ಇಡ್ತೀವಿ, ಅದೇ ಪ್ರೊನೌನ್. ನಮ್ಮಪ್ಪನ ಕಾಲದ ರೆನ್ ಅಂಡ್ ಮಾರ್ಟಿನ್‌ನಲ್ಲೂ ಇದೇ, ಅಕ್ಕನ ಮಗಳ ಬಣ್ಣದ ಚಿತ್ರದ ಪುಸ್ತಕದಲ್ಲೂ ಇದೇ. ಈ ವ್ಯಾಖ್ಯಾನ ಬಹಳ ಹಳೆಯದು. ಗ್ರೀಕರ ವ್ಯಾಕರಣದಲ್ಲಿ ‘ಹೆಸರಿನ ಬದಲು’ ಅನ್ನೋ ಅರ್ಥದ ಪದ ಇತ್ತು, ಲ್ಯಾಟಿನ್‌ನವರು ಅದನ್ನ ‘ಪ್ರೊನೋಮೆನ್’ ಅಂತ ಅನುವಾದ ಮಾಡಿಕೊಂಡರು, ಇಂಗ್ಲಿಷಿನ ಪ್ರೊನೌನ್ ಬಂದಿದ್ದು ಅಲ್ಲಿಂದ. ಎರಡು ಸಾವಿರ ವರ್ಷ ದಾಟಿದ ಮಾತು ಅಂತ ನಾವ್ಯಾರೂ ಅದನ್ನ ಪ್ರಶ್ನೆ ಮಾಡಿಲ್ಲ.

ಒಂದು ಸಲ ಪರೀಕ್ಷೆ ಮಾಡಿ ನೋಡಿ. ‘ಐ’ ಅನ್ನೋದು ನನ್ನ ಹೆಸರಿನ ಬದಲು ಬಂದಿದೆ ಅಂತಾದರೆ, ನಾನು ‘ಐ’ ತೆಗೆದು ನನ್ನ ಹೆಸರು ಹಾಕಿಕೊಂಡು ಮಾತಾಡಬಹುದು. ಹಾಗೆ ಮಾತಾಡಿದರೆ ನೀವು ನನ್ನನ್ನ ಡಾಕ್ಟರ್ ಹತ್ರ ಕರೆದುಕೊಂಡು ಹೋಗ್ತೀರಿ. ‘ಹೂ’ ಅಂತ ಪ್ರಶ್ನೆ ಕೇಳಿದಾಗ ಅದು ಯಾರ ಹೆಸರಿನ ಬದಲು? ಹೆಸರು ಗೊತ್ತಿದ್ದರೆ ಕೇಳ್ತಾನೇ ಇರಲಿಲ್ಲ. ‘ನೋಬಡಿ’ ಯಾರ ಬದಲು? ಯಾರೂ ಇಲ್ಲ. ಮಳೆಯ ‘ಇಟ್’ ಅಂತೂ ವಾಕ್ಯದಲ್ಲಿ ಕರ್ತೃವಿನ ಕುರ್ಚಿ ಖಾಲಿ ಇರಬಾರದು ಅಂತ ಕೂರಿಸಿದ ಡಮ್ಮಿ. ಇಂಗ್ಲಿಷಿಗೆ ಆ ಕುರ್ಚಿ ತುಂಬಲೇಬೇಕು. ಕನ್ನಡಕ್ಕೆ ಆ ಹಟ ಇಲ್ಲ. ‘ಬಂದೆ’ ಅಂದರೆ ಸಾಕು, ನಾನು ಅನ್ನೋದು ಆ ಕ್ರಿಯಾಪದದಲ್ಲೇ ಇದೆ. ‘ಬಂದಳು’ ಅಂದರೆ ಅವಳು ಅನ್ನೋದೂ ಒಳಗೇ ಇದೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಇಂಥ ಪ್ರತ್ಯಯಗಳು ಸವೆದು ಹೋಗಿವೆ, ‘ಕೇಮ್’ ಅಂದರೆ ಯಾರು ಬಂದರು ಅಂತ ಗೊತ್ತಾಗಲ್ಲ. ಹಾಗಾಗಿ ಪ್ರತಿ ವಾಕ್ಯಕ್ಕೂ ಒಂದು ಪ್ರೊನೌನ್ ಕಾವಲು ನಿಲ್ಲಬೇಕು. ಅಕ್ಕನ ಮಗಳಿಗೆ ಇಷ್ಟು ಹೇಳಿದ್ದರೆ ಖಾಲಿ ಜಾಗ ತಾನಾಗಿ ಅರ್ಥ ಆಗ್ತಿತ್ತು. ಪುಸ್ತಕ ಹೇಳಿಲ್ಲ.

ವಿದ್ವಾಂಸರಿಗೆ ಇದು ಗೊತ್ತಿರಲಿಲ್ಲ ಅಂತೇನಲ್ಲ. ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ 1922ರಲ್ಲೇ ‘ಐ’, ‘ಯೂ’ ಥರದ ಪದಗಳನ್ನ ‘ಶಿಫ್ಟರ್’ ಅಂತ ಕರೆದ. ಯಾರು ಮಾತಾಡ್ತಾರೋ ಅವರ ಕಡೆಗೆ ಅರ್ಥ ಜಾರುತ್ತೆ. ಮಕ್ಕಳಿಗೆ ಇದು ಕಷ್ಟ ಅಂತಲೂ ಅವನು ಗುರುತಿಸಿದ್ದ. ಮನೆಯಲ್ಲಿ ಎರಡು ವರ್ಷದ ಮಗು ಇದ್ದರೆ ನಿಮಗೇ ಗೊತ್ತಿರುತ್ತೆ, ಅದು ತನಗೆ ಹಾಲು ಬೇಕಾದಾಗ “ನಿಂಗೆ ಹಾಲು ಬೇಕಾ” ಅಂತ ಕೇಳುತ್ತೆ. ನಾವು ಅದಕ್ಕೆ ಹೇಳೋದನ್ನೇ ಅದು ನಮಗೆ ತಿರುಗಿ ಹೇಳುತ್ತೆ. 1956ರಲ್ಲಿ ಫ್ರಾನ್ಸಿನ ಎಮಿಲ್ ಬೆನ್‌ವೆನಿಸ್ಟ್ ಸರ್ವನಾಮಗಳ ಬಗ್ಗೆಯೇ ಒಂದು ಲೇಖನ ಬರೆದು, ‘ನಾನು’ ಮತ್ತು ‘ನೀನು’ ಒಂದು ಜಾತಿ, ‘ಅವನು’ ಬೇರೆಯೇ ಜಾತಿ ಅಂದ. ಮೊದಲಿನ ಎರಡು ಮಾತುಕತೆ ಒಳಗಿನವು. ಮೂರನೆಯದು ಎದುರಿಗೆ ಇಲ್ಲದವರ ಬಗ್ಗೆ. ಬದಲಿ ಪದ ಅನ್ನೋ ವ್ಯಾಖ್ಯಾನ ಹೆಚ್ಚುಕಡಿಮೆ ಒಪ್ಪೋದು ಈ ಮೂರನೆಯದಕ್ಕೆ ಮಾತ್ರ.

ನಮ್ಮ ‘ಸರ್ವನಾಮ’ ಅನ್ನೋ ಪದವೇ ವಾಸಿ. ಪಾಣಿನಿಯ ವ್ಯಾಕರಣದಲ್ಲಿ ‘ಸರ್ವ’ ಮೊದಲಾಗಿ ಬರೋ ಪದಗಳ ಪಟ್ಟಿಗೆ ಇಟ್ಟ ಹೆಸರು ಅದು. ಎಲ್ಲರಿಗೂ ಸಲ್ಲುವ ಹೆಸರು ಅಂತ ಅದಕ್ಕೆ ಅರ್ಥ ಹೇಳೋದು ರೂಢಿ. ಬದಲಿ ಪದ ಅಂದಾಗ ಕಾಣದ ಒಂದು ವಿಷಯ ಈ ಹೆಸರಲ್ಲಿ ಕಾಣುತ್ತೆ: ಎಲ್ಲರಿಗೂ ಸಲ್ಲುವ ಹೆಸರು ಅಂದಮೇಲೆ ಈಗ ಯಾರಿಗೆ ಸಲ್ತಿದೆ ಅಂತ ಪ್ರತಿ ಸಲ ನೋಡಿಕೊಳ್ಳಬೇಕು. ನನ್ನ ತಕರಾರು ಇಷ್ಟೇ. ನಮ್ಮ ಪುಸ್ತಕಗಳು ಆ ನೋಡಿಕೊಳ್ಳೋ ಕೆಲಸವನ್ನ ಕಲಿಸದೆ ಬರೀ ಟೇಬಲ್ ಬಾಯಿಪಾಠ ಮಾಡಿಸ್ತವೆ.

ಟೇಬಲ್ ಬೇಡ ಅಂತ ಹೇಳ್ತಿಲ್ಲ. ಐ, ಮಿ, ಮೈ, ಮೈನ್ ಅಂತ ರಾಗವಾಗಿ ಹೇಳಿಕೊಂಡೇ ನಾವೆಲ್ಲ ಬೆಳೆದಿದ್ದು, ಅದು ಉಪಯೋಗಕ್ಕೂ ಬಂತು. ಆದರೆ ಆ ಟೇಬಲ್ ಯಾಕಿದೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೂ ನಮ್ಮ ಹಾಗೇ ವಿಭಕ್ತಿ ಇತ್ತು. ಕಾಲಕ್ರಮೇಣ ನಾಮಪದಗಳಲ್ಲಿ ಅದು ಸವೆದು ಷಷ್ಠಿಯ ಒಂದು ‘ಎಸ್’ ಮಾತ್ರ ಉಳೀತು. ಸರ್ವನಾಮದಲ್ಲಿ ಹಳೇದು ಹಾಗೇ ಇದೆ. ಐ ಅಂದರೆ ನಾನು, ಮಿ ಅಂದರೆ ನನ್ನನ್ನು ಅಥವಾ ನನಗೆ. ರಾಮನು, ರಾಮನನ್ನು, ರಾಮನಿಗೆ ಅಂತ ದಿನಾ ಮಾತಾಡೋ ಕನ್ನಡದ ಮಗುವಿಗೆ ಇದನ್ನ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಹೇಳದೆ ಹೋಗಿದ್ದಕ್ಕೇ ಇವತ್ತಿಗೂ ನಮ್ಮ ಮೀಟಿಂಗುಗಳಲ್ಲಿ ‘ಬಿಟ್ವೀನ್ ಯೂ ಅಂಡ್ ಐ’ ಕೇಳುತ್ತೆ. ‘ಐ’ ಅಂದರೆ ಸಭ್ಯತೆ, ‘ಮಿ’ ಅಂದರೆ ಒರಟು ಅನ್ನೋ ಭಯ. ಇಂಗ್ಲಿಷೇ ಮನೆಮಾತಾದವರಲ್ಲೂ ಈ ಭಯ ಇದೆ, ಅದೊಂದು ಸಮಾಧಾನ. ಭಯ ಇನ್ನೂ ಹೆಚ್ಚಾದವರು ಎರಡೂ ಬೇಡ ಅಂತ ‘ಮೈಸೆಲ್ಫ್’ ಹಿಡೀತಾರೆ. ‘ಮೈಸೆಲ್ಫ್ ಫ್ರಂ ಹಾಸನ್’ ಅಂತ ಪರಿಚಯ ಮಾಡಿಕೊಳ್ಳೋರನ್ನ ನೋಡಿ ನಗೋರು, ಅದೇ ದಿನ ‘ಪ್ಲೀಸ್ ರೀಚ್ ಔಟ್ ಟು ಮೈಸೆಲ್ಫ್’ ಅಂತ ಈಮೇಲ್ ಕಳಿಸಿರ್ತಾರೆ. ಎರಡೂ ಒಂದೇ ಗುಂಡಿ. ‘ಮೈಸೆಲ್ಫ್’ಗೆ ಸಾಮಾನ್ಯವಾಗಿ ಅದೇ ವಾಕ್ಯದಲ್ಲಿ ಮುಂಚೆ ಒಂದು ‘ಐ’ ಬೇಕು, ನಮ್ಮ ‘ನನ್ನನ್ನೇ ನಾನು’ ಅನ್ನೋದರ ಹಾಗೆ.

ಇನ್ನು ‘ಯೂ’. ಇಂಗ್ಲಿಷಿನಲ್ಲಿ ಮರ್ಯಾದೆ ಇಲ್ಲ, ದೊಡ್ಡವರಿಗೂ ಚಿಕ್ಕವರಿಗೂ ಒಂದೇ ‘ಯೂ’, ಎಲ್ಲರನ್ನೂ ನೀನು ಅಂತಾರೆ ಅಂತ ನಮ್ಮಜ್ಜಿ ಬೇಜಾರು ಮಾಡಿಕೊಳ್ಳೋರು. ನಿಜ ನೋಡಿದರೆ ಉಲ್ಟಾ. ಹಳೆಯ ಇಂಗ್ಲಿಷಿನ ‘ನೀನು’ ಅಂದರೆ ‘ದೌ’. ‘ಯೂ’ ಬಹುವಚನದ್ದು, ನಮ್ಮ ‘ನೀವು’ ಥರ. ಹದಿಮೂರು ಹದಿನಾಲ್ಕನೇ ಶತಮಾನದಲ್ಲಿ ಫ್ರೆಂಚಿನ ಪ್ರಭಾವದಿಂದ ಒಬ್ಬರಿಗೇ ಗೌರವಕ್ಕೆ ‘ಯೂ’ ಅನ್ನೋದು ಶುರುವಾಯಿತು. ಆಮೇಲೆ ಯಾರಿಗೆ ದೌ, ಯಾರಿಗೆ ಯೂ ಅನ್ನೋ ಲೆಕ್ಕಾಚಾರ ನಮ್ಮಲ್ಲಿ ಇರೋ ಹಾಗೇ ಅಲ್ಲೂ ಇತ್ತು. 1603ರಲ್ಲಿ ಸರ್ ವಾಲ್ಟರ್ ರಾಲೆ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರದ ಪರ ವಾದಿಸ್ತಿದ್ದ ಎಡ್ವರ್ಡ್ ಕೋಕ್ ಬೇಕಂತಲೇ ಅವನನ್ನ ‘ದೌ’ ಅಂತ ಕರೆದು ತುಂಬಿದ ಸಭೆಯಲ್ಲಿ ಅವಮಾನ ಮಾಡಿದ. ಅದೇ ಶತಮಾನದಲ್ಲಿ ಕ್ವೇಕರ್ ಅನ್ನೋ ಪಂಥದವರು, ದೇವರ ಮುಂದೆ ಎಲ್ಲರೂ ಸಮ ಅಂತ ನ್ಯಾಯಾಧೀಶರನ್ನೂ ಸೇರಿಸಿ ಎಲ್ಲರಿಗೂ ಏಕವಚನ ಬಳಸಿ ಬೈಗುಳ, ಏಟು ತಿಂದರು. ಕೊನೆಗೆ ಇಂಗ್ಲಿಷ್ ಸಮಾಜ ಸಮಾನತೆಗೆ ಆರಿಸಿಕೊಂಡ ದಾರಿ ಬೇರೆ. ಎಲ್ಲರನ್ನೂ ‘ನೀನು’ ಅನ್ನೋದಲ್ಲ, ಎಲ್ಲರನ್ನೂ ‘ನೀವು’ ಅನ್ನೋದು. ಸತ್ತಿದ್ದು ‘ನೀನು’. ಅಂದರೆ ನಿಮ್ಮ ಮ್ಯಾನೇಜರ್ ನಿಮ್ಮನ್ನ ‘ಯೂ’ ಅಂದಾಗ ಚರಿತ್ರೆಯ ಪ್ರಕಾರ ನಿಮಗೆ ಮರ್ಯಾದೆಯನ್ನೇ ಕೊಡ್ತಿದ್ದಾರೆ, ಅವರಿಗೆ ಅದು ಗೊತ್ತಿರಲ್ಲ ಅಷ್ಟೇ.

ಇದು ಗೊತ್ತಾದ ಮೇಲೆ ನನಗೆ ನಮ್ಮ ಬೆಂಗಳೂರಿನ ಒಂದು ಅಭ್ಯಾಸ ಕಣ್ಣಿಗೆ ಬಿತ್ತು. ಆಫೀಸಿಗೆ ಹೊಸಬರು ಸೇರಿದಾಗ, ಇಬ್ಬರೂ ಕನ್ನಡದವರೇ ಆದರೂ, ಮೊದಲ ಒಂದು ವಾರ ಇಂಗ್ಲಿಷಲ್ಲೇ ಮಾತಾಡ್ತೀವಿ. ಕನ್ನಡ ಶುರು ಮಾಡಿದರೆ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ತೀರ್ಮಾನ ಮಾಡಬೇಕು. ‘ಯೂ’ ಒಳಗೆ ಬಚ್ಚಿಟ್ಟುಕೊಳ್ಳೋದು ಸುಲಭ. ಆಮೇಲೆ ಅದೇ ನಾವು ಕೆಳಗಿಳಿದು, ಗೇಟಿನಲ್ಲಿ ನಮ್ಮಪ್ಪನ ವಯಸ್ಸಿನ ಸೆಕ್ಯೂರಿಟಿಯವರಿಗೆ “ಏನಪ್ಪಾ, ಗಾಡಿ ಎಲ್ಲಿ ಹಾಕ್ಲಿ, ಹೇಳು” ಅಂತೀವಿ. ಅಲ್ಲಿ ತೀರ್ಮಾನಕ್ಕೆ ಒಂದು ಕ್ಷಣವೂ ಬೇಕಾಗಲ್ಲ. ಇಂಗ್ಲಿಷ್ ಕಲಿಸೋ ಯಾವ ಪುಸ್ತಕವೂ ಈ ಎರಡನ್ನ ಪಕ್ಕಪಕ್ಕ ಇಟ್ಟು ತೋರಿಸಿಲ್ಲ. ತೋರಿಸಿದ್ದರೆ ನಾವು ಇಂಗ್ಲಿಷಿನ ಜೊತೆ ನಮ್ಮ ಬಾಯಿಯನ್ನೂ ಒಂದು ಸಲ ಗಮನಿಸಿಕೊಳ್ತಿದ್ದೆವು.

‘ಹೀ’ ವಿಷಯಕ್ಕೆ ಬಂದರೆ ಇನ್ನೂ ಗಂಭೀರ. ‘ಎವ್ರಿವನ್’ ಅಥವಾ ‘ಎನಿಬಡಿ’ ಅಂತ ಶುರುವಾದ ವಾಕ್ಯದಲ್ಲಿ ಮುಂದೆ ‘ಹಿಸ್’ ಬರಬೇಕು, ಪುಲ್ಲಿಂಗದಲ್ಲೇ ಸ್ತ್ರೀಲಿಂಗವೂ ಸೇರಿದೆ ಅಂತ ನಮಗೆ ಕಲಿಸಿದ್ದು ನೆನಪಿದೆಯಾ? ಆ ನಿಯಮವನ್ನ ಪುಸ್ತಕದಲ್ಲಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಹದಿನೆಂಟನೇ ಶತಮಾನದ ಆನ್ ಫಿಶರ್, ಶಾಲೆ ನಡೆಸ್ತಿದ್ದ ಮಹಿಳೆ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇದನ್ನೇ ಕಾನೂನು ಮಾಡಿತು. ಕಾಯ್ದೆಗಳಲ್ಲಿ ಪುಲ್ಲಿಂಗ ಬಳಸಿದರೆ ಅದರಲ್ಲಿ ಹೆಂಗಸರೂ ಸೇರಿದರು ಅಂತ. ನಮ್ಮ ದೇಶದಲ್ಲಿ 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಸೆಕ್ಷನ್ ಹೇಳೋದೂ ಅದೇ, ಇವತ್ತಿಗೂ ಜಾರಿಯಲ್ಲಿದೆ. ಓದೋಕೆ ಚೆನ್ನಾಗಿದೆ. ಆದರೆ 1916ರಲ್ಲಿ ರೆಜಿನಾ ಗುಹಾ ಅನ್ನೋ ಕಾನೂನು ಪದವೀಧರೆ ವಕೀಲಿಗೆ ಹೆಸರು ನೋಂದಾಯಿಸಿ ಅಂತ ಕೇಳಿದಾಗ, ಕಲ್ಕತ್ತಾ ಹೈಕೋರ್ಟು ಆಗಲ್ಲ ಅಂದಿತು. ವಕೀಲರ ಕಾಯ್ದೆಯಲ್ಲಿ ಹೇಳಿರೋದು ಗಂಡಸರ ಬಗ್ಗೆ ಅಂತ ಓದಿತು. ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರಿದ್ದಾರೆ ಅನ್ನೋ ನಿಯಮ ಆ ದಿನ ಅವರ ನೆರವಿಗೆ ಬರಲಿಲ್ಲ. ಹೆಂಗಸರು ವಕೀಲಿ ಮಾಡಬಹುದು ಅಂತ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಬರೆಯೋಕೆ 1923ರಲ್ಲಿ ಇನ್ನೊಂದು ಕಾಯ್ದೆಯೇ ಬೇಕಾಯಿತು. ದಂಡ ಕಟ್ಟೋವಾಗ ‘ಹೀ’ ಒಳಗೆ ಹೆಂಗಸರಿದ್ದರು, ಹಕ್ಕು ಕೇಳೋವಾಗ ಇರಲಿಲ್ಲ. ‘ಹೀ’ ಅಂದರೆ ಎಲ್ಲರೂ ಅನ್ನೋದು ಬರೀ ವ್ಯಾಕರಣ ಅಂತ ಹೇಳೋ ಪುಸ್ತಕದ ಎದುರು ಈ ಒಂದು ಕೇಸನ್ನ ಇಡಬೇಕು.

ಇದಕ್ಕೆ ಇಂಗ್ಲಿಷಿನವರೇ ಕಂಡುಕೊಂಡ ಪರಿಹಾರ ‘ದೇ’. ಒಬ್ಬರಿಗೇ ‘ದೇ’ ಅನ್ನೋದು ಈಚಿನ ಫ್ಯಾಷನ್, ವ್ಯಾಕರಣ ಹಾಳಾಯ್ತು ಅಂತ ಬೈಯೋರು ನಮ್ಮಲ್ಲೂ ಇದ್ದಾರೆ. ಅದು ಹದಿನಾಲ್ಕನೇ ಶತಮಾನದಿಂದ ಇದೆ, ಜೇನ್ ಆಸ್ಟಿನ್ ಧಾರಾಳವಾಗಿ ಬಳಸಿದ್ದಾಳೆ. ಇನ್ನೂ ಮಜಾ ಏನಂದ್ರೆ ‘ದೇ’ ಇಂಗ್ಲಿಷಿನ ಮನೆಮಗನೂ ಅಲ್ಲ. ದೇ, ದೆಮ್, ದೇರ್ ಮೂರೂ ವೈಕಿಂಗರ ನಾರ್ಸ್ ಭಾಷೆಯಿಂದ ಬಂದವು. ಭಾಷೆಗಳು ಊಟ ತಿಂಡಿಯ ಪದ ಸಾಲ ತರೋದು ಸಾಮಾನ್ಯ, ಸರ್ವನಾಮ ಸಾಲ ತರೋದು ಅಪರೂಪ. ಹಳೆಯ ಇಂಗ್ಲಿಷಿನಲ್ಲಿ ಅವನು, ಅವಳು, ಅವರು ಮೂರೂ ಹೆಚ್ಚುಕಡಿಮೆ ಒಂದೇ ಥರ ಕೇಳೋ ಹಾಗಾಗಿತ್ತು, ಅರ್ಥ ಗೊಂದಲ ಆಗ್ತಿತ್ತು, ಹೊರಗಿನದು ಬೇಕಾಯಿತು. ಹಳೆಯ ‘ಹೆಮ್’ ಪೂರ್ತಿ ಸಾಯಲಿಲ್ಲ. ಸಿನಿಮಾಗಳಲ್ಲಿ ‘ಗೆಟ್ ಎಮ್’ ಅಂತಾರಲ್ಲ, ಆ ‘ಎಮ್’ ಮೂಲದಲ್ಲಿ ‘ದೆಮ್’ನ ತುಂಡಲ್ಲ, ‘ಹೆಮ್’ನ ಉಳಿಕೆ. ಅಂದರೆ ಗೊಂದಲ ಆದಾಗ ಸರ್ವನಾಮ ಬದಲಾಯಿಸಿಕೊಳ್ಳೋದು ಇಂಗ್ಲಿಷಿಗೆ ಹೊಸದಲ್ಲ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ‘ದೇ’ಯನ್ನ ವರ್ಷದ ಪದ ಅಂತ ಆರಿಸಿದಾಗ ಆಶ್ಚರ್ಯಪಟ್ಟವರು ಈ ಕತೆ ಓದಬೇಕಿತ್ತು.

ಕನ್ನಡದವರಾದ ನಮಗಂತೂ ಆಶ್ಚರ್ಯ ಆಗಲೇಬಾರದು. ‘ಅವರು ಬಂದರು’ ಅಂದಾಗ ಬಂದವರು ಒಬ್ಬರೇ ಇರಬಹುದು, ಗಂಡೋ ಹೆಣ್ಣೋ ಗೊತ್ತಾಗಬೇಕಿಲ್ಲ, ಕ್ರಿಯಾಪದ ಬಹುವಚನದ್ದೇ. ಹೈಸ್ಕೂಲಲ್ಲಿ ನನ್ನ ಸ್ನೇಹಿತನೊಬ್ಬ ಪ್ರಿನ್ಸಿಪಾಲರ ಬಗ್ಗೆ ‘ದೇ ಆರ್ ಕಮಿಂಗ್’ ಅಂದು ಬೈಸಿಕೊಂಡ. “ಪ್ರಿನ್ಸಿಪಾಲ್ ಒಬ್ಬರೇ ತಾನೇ ಇರೋದು?” ಅಂತ ಮೇಡಮ್ ಕೇಳಿದರು. ‘ಒಬ್ಬರೇ’ ಅಂತ ಅವರೂ ಗೌರವದ ರೂಪವನ್ನೇ ಬಳಸಿದ್ದು ಕ್ಲಾಸಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ವಾಕ್ಯ ತಪ್ಪು ಹೌದು, ಇಂಗ್ಲಿಷಿನ ‘ದೇ’ಯಲ್ಲಿ ಗೌರವ ಇಲ್ಲ. ಯಾರು ಅಂತ ಗೊತ್ತಿಲ್ಲದಾಗ, ಅಥವಾ ಆ ವ್ಯಕ್ತಿಯೇ ನನ್ನನ್ನ ಹೀಗೆ ಕರೀರಿ ಅಂದಾಗ ಅದು ಬರುತ್ತೆ. ಆದರೆ ಆ ಹುಡುಗ ತಪ್ಪು ಮಾಡಿದ್ದು ದಡ್ಡತನದಿಂದಲ್ಲ, ಕನ್ನಡದ ಮರ್ಯಾದೆಯನ್ನ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿ. ಹಾಗೇ ನಮ್ಮ ‘ಅವರು’ ಎಲ್ಲಕ್ಕೂ ಪರಿಹಾರ ಅಂತಲೂ ಹೇಳೋಕಾಗಲ್ಲ. ಜೊತೆಗೆ ಟೀ ಕುಡಿಯೋ ಗೆಳೆಯರನ್ನ ‘ಅವರು’ ಅಂದರೆ ದೂರ ತಳ್ಳಿದ ಹಾಗೆ. ಗೌರವ ಮತ್ತು ಸಲುಗೆ ಎರಡನ್ನೂ ಉಳಿಸಿಕೊಂಡು ಲಿಂಗ ಹೇಳದೆ ಇರೋ ಪದ ನಮ್ಮಲ್ಲೂ ಇನ್ನೂ ಇಲ್ಲ.

‘ವೀ’ ಬಗ್ಗೆ ನಿಮಗೆ ಹೇಳಬೇಕಾ? ‘ವೀ ನೀಡ್ ಟು ವರ್ಕ್ ದಿಸ್ ವೀಕೆಂಡ್’ ಅಂತ ಮೆಸೇಜ್ ಬಂದಾಗ ಆ ‘ವೀ’ಯಲ್ಲಿ ಕಳಿಸಿದವರು ಇದ್ದಾರಾ ಇಲ್ವಾ ಅಂತ ಶನಿವಾರ ಗೊತ್ತಾಗುತ್ತೆ. ನಮ್ಮ ಟೀಮಿನ ಮಂಗಳೂರಿನ ಹುಡುಗಿ ಹೇಳ್ತಿದ್ದಳು, ತುಳುವಿನಲ್ಲಿ ಈ ಆಟ ನಡೆಯಲ್ಲ. ಕೇಳ್ತಿರೋರನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟು ಹೇಳಿದರೆ ‘ಎಂಕುಲು’. ತೆಲುಗಿನ ‘ಮನಂ’, ‘ಮೇಮು’ ಕೂಡ ಹಾಗೇ. ಕನ್ನಡದಲ್ಲಿ ಆ ವ್ಯತ್ಯಾಸ ಅಳಿಸಿ ಒಂದೇ ‘ನಾವು’ ಉಳಿದಿದೆ, ಇಂಗ್ಲಿಷಿನಲ್ಲೂ ಒಂದೇ. ಕ್ರೆಡಿಟ್ ಹಂಚೋವಾಗ ‘ವೀ’ ಚಿಕ್ಕದಾಗುತ್ತೆ, ತಪ್ಪು ಹಂಚೋವಾಗ ದೊಡ್ಡದಾಗುತ್ತೆ. ‘ಇಟ್ ಹ್ಯಾಸ್ ಬೀನ್ ಡಿಸೈಡೆಡ್’ ಅಂತ ಬಂದರಂತೂ ಅದು ಮಳೆಯ ‘ಇಟ್’ನ ಅಣ್ಣ. ತೀರ್ಮಾನ ಆಕಾಶದಿಂದ ಸುರಿದಿದೆ, ಮಾಡಿದವರು ಯಾರೂ ಇಲ್ಲ. ಸರ್ವನಾಮವೇ ಇಲ್ಲದೆ ಇದೇ ಕೆಲಸ ಮಾಡೋ ‘ತೀರ್ಮಾನಿಸಲಾಗಿದೆ’ ನಮ್ಮ ಸರ್ಕಾರಿ ಕನ್ನಡದಲ್ಲೂ ಇದೆ ಅನ್ನಿ.

ಈಗ ನನ್ನ ಕತೆ. ಕೆಲವು ವರ್ಷದ ಹಿಂದೆ, ಬೇರೆ ಕೆಲಸದಲ್ಲಿದ್ದಾಗ. ಒಂದು ಶುಕ್ರವಾರ ರಾತ್ರಿ ಸಿಸ್ಟಮ್ ಬಿದ್ದುಹೋಗಿ ನಾಲ್ಕು ಗಂಟೆ ಎದ್ದೇಳಲಿಲ್ಲ. ಕಾರಣ, ಟೆಸ್ಟ್ ಮಾಡದೆ ಹಾಕಿದ ಒಂದು ಕೋಡ್. ಅದನ್ನ ಬರೆದಿದ್ದು ಟೀಮಿನ ಸೀನಿಯರ್. ಹಾಕೋ ಮುಂಚೆ ಅವನೇ ಜೂನಿಯರ್ ಹುಡುಗನಿಗೆ, ನನ್ನ ಕೋಡ್ ಇನ್ನೂ ಟೆಸ್ಟ್ ಆಗಿಲ್ಲ ಅಂತ ಹೇಳಿದ್ದ, ಆಮೇಲೆ ಅವಸರದಲ್ಲಿ ತಾನೇ ಹಾಕಿದ. ಶನಿವಾರ ಬೆಳಗ್ಗೆ ವರದಿ ಬರೆಯೋ ಕೆಲಸ ನನಗೆ ಬಂತು. ನಿದ್ದೆಗಣ್ಣಲ್ಲಿ ಇಬ್ಬರ ಹೆಸರನ್ನೂ ಒಂದು ಸಲ ಹೇಳಿ, ಮುಂದಿನ ವಾಕ್ಯದಲ್ಲಿ ಹೀಗೆ ಬರೆದೆ: ‘ಹೀ ಹ್ಯಾಡ್ ಟೋಲ್ಡ್ ಹಿಮ್ ದಟ್ ಹಿಸ್ ಕೋಡ್ ವಾಸ್ ನಾಟ್ ಟೆಸ್ಟೆಡ್.’ ಹೆಸರನ್ನ ಮತ್ತೆ ಮತ್ತೆ ಬರೆದರೆ ಚೆನ್ನಾಗಿರಲ್ಲ ಅಂತ ಆರನೇ ಕ್ಲಾಸಲ್ಲಿ ಕಲಿತಿದ್ದೆನಲ್ಲ.

ಆ ವಾಕ್ಯವನ್ನ ಮೇಲಿನವರು ಹೇಗೆ ಓದಿದರು ಅಂತ ನೀವೇ ಊಹಿಸಬಹುದು. ಸೀನಿಯರ್ ಜೂನಿಯರ್‌ಗೆ ‘ನಿನ್ನ ಕೋಡ್ ಟೆಸ್ಟ್ ಆಗಿಲ್ಲ’ ಅಂತ ಎಚ್ಚರಿಸಿದ್ದ, ಹುಡುಗ ಕೇಳಲಿಲ್ಲ ಅಂತ. ದೊಡ್ಡವರು ಚಿಕ್ಕವರನ್ನ ಎಚ್ಚರಿಸೋದು ಸಹಜ ಅನ್ನಿಸುತ್ತೆ, ಹಾಗಾಗಿ ಅವರ ಕಣ್ಣಿಗೆ ಆ ‘ಹಿಸ್’ ಹುಡುಗನ ಕಡೆಗೇ ವಾಲಿತು. ಅವನು ಸೇರಿ ಏಳು ತಿಂಗಳಾಗಿತ್ತು, ಎದುರು ಮಾತಾಡೋ ಧೈರ್ಯ ಇರಲಿಲ್ಲ. ಸೀನಿಯರ್ ಸುಮ್ಮನಿದ್ದ. ನನಗೆ ವಿಷಯ ಗೊತ್ತಾಗಿದ್ದು ಮೂರು ವಾರದ ಮೇಲೆ, ಆ ವರ್ಷದ ರೇಟಿಂಗ್ ಹೊರಬಿದ್ದು ಹುಡುಗನ ಮುಖ ಸಪ್ಪಗಾದಾಗ. ತಿದ್ದಿದ ವರದಿ ಕಳಿಸಿದೆ, ಹೋಗಿ ಮಾತಾಡಿದೆ. “ನೋಟೆಡ್” ಅಂತ ಉತ್ತರ ಬಂತು. ರೇಟಿಂಗ್ ಬದಲಾಗಲಿಲ್ಲ. ಹುಡುಗ ಆರು ತಿಂಗಳಲ್ಲಿ ಕೆಲಸ ಬಿಟ್ಟ.

ಅದನ್ನೇ ಕನ್ನಡದಲ್ಲಿ ಬರೆದಿದ್ದರೆ? ‘ತನ್ನ ಕೋಡ್ ಟೆಸ್ಟ್ ಆಗಿಲ್ಲ ಅಂತ ಅವನು ಅವನಿಗೆ ಹೇಳಿದ್ದ.’ ಅವನು ಯಾರು ಅನ್ನೋ ಗೊಂದಲ ಇಲ್ಲೂ ಇದೆ. ಆದರೆ ಕೋಡ್ ಯಾರದ್ದು ಅನ್ನೋದರಲ್ಲಿ ಗೊಂದಲ ಇಲ್ಲ. ‘ತನ್ನ’ ಅಂದರೆ ಹೇಳಿದವನದೇ. ಕೇಳಿದವನದಾಗಿದ್ದರೆ ‘ಅವನ ಕೋಡ್’ ಅಂತ ಬರೀತಿದ್ದೆ. ನಮ್ಮ ‘ತಾನು’ ಒಂದು ವಾಕ್ಯದ ಒಳಗಿನ ಇನ್ನೊಂದು ವಾಕ್ಯದಲ್ಲಿ ಕೂತುಕೊಂಡೂ ಹೊರಗಿನ ಕರ್ತೃವನ್ನ ಬೆರಳಿಟ್ಟು ತೋರಿಸುತ್ತೆ. ಇಂಗ್ಲಿಷಿನ ‘ಹಿಮ್‌ಸೆಲ್ಫ್’ಗೆ ಅಷ್ಟು ದೂರ ಕೈ ಚಾಚೋಕಾಗಲ್ಲ, ಅದು ಸಾಮಾನ್ಯವಾಗಿ ತನ್ನ ಪುಟ್ಟ ಉಪವಾಕ್ಯದ ಒಳಗೇ ಇರಬೇಕು. ನಾನು ಯೋಚನೆ ಮಾಡಿದ್ದು ‘ತನ್ನ’ ಅಂತ, ಕೈ ಬರೆದಿದ್ದು ‘ಹಿಸ್’ ಅಂತ. ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು, ಹಾಗಾಗಿ ಎರಡು ಸಲ ಓದಿದರೂ ತಪ್ಪು ಕಾಣಲಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಬರೋ ಪ್ರತಿಯೊಬ್ಬರೂ ಎಡವೋ ಜಾಗ ಇದು. ನಮಗಾಗಿ ಬರೆದ ಗ್ರಾಮರ್ ಪುಸ್ತಕಗಳಲ್ಲಿ ಇದಕ್ಕೊಂದು ಪುಟ ಬೇಕಿತ್ತು. ನಾನು ಓದಿದ ಯಾವುದರಲ್ಲೂ ನೋಡಿಲ್ಲ.

ತಪ್ಪನ್ನ ಪುಸ್ತಕದ ತಲೆಗೆ ಕಟ್ಟಿ ಕೈ ತೊಳೆದುಕೊಳ್ತಿಲ್ಲ. ಬರೆದವನು ನಾನು. ಆದರೆ ಹೆಸರು ಮತ್ತೆ ಹೇಳೋದು ಅಸಹ್ಯ ಅಂತ ಕಲಿಸಿದ ಪಾಠ, ಯಾವಾಗ ಮತ್ತೆ ಹೇಳಲೇಬೇಕು ಅಂತಲೂ ಕಲಿಸಬೇಕಿತ್ತು. ವಕೀಲರು ಬರೆಯೋ ಕರಾರುಪತ್ರ ಓದಿದ್ದೀರಾ? ಹೆಸರನ್ನೋ ‘ಬಾಡಿಗೆದಾರರು’, ‘ಮಾಲೀಕರು’ ಅನ್ನೋದನ್ನೋ ಬೇಜಾರಾಗೋಷ್ಟು ಸಲ ಹೇಳಿರ್ತಾರೆ. ಅದು ಸೊಗಸಾಗಿರಲ್ಲ, ಆದರೆ ಯಾರ ಅಡ್ವಾನ್ಸ್ ಯಾರ ಹತ್ರ ಇದೆ ಅಂತ ಜಗಳ ಆಗಲ್ಲ. ಆ ಹುಡುಗ ಈಗ ಪುಣೆಯಲ್ಲಿದ್ದಾನೆ. ಹೋದ ವರ್ಷ ಫೋನ್ ಮಾಡಿ ಕ್ಷಮೆ ಕೇಳಿದೆ. “ಬಿಡಿ ಸಾರ್, ಆಗಿಹೋಯ್ತು” ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನೀವು ನನ್ನ ಹೆಸರನ್ನೇ ಬರ್ದಿರಬಹುದು ಅಂತ ತುಂಬ ದಿನ ಅನ್ಕೊಂಡಿದ್ದೆ” ಅಂದ. ನಾನು ಬೇಕಂತಲೇ ಅವನ ಹೆಸರು ಸಿಕ್ಕಿಸಿದ್ದೆ ಅಂತ ಅವನು ತಿಳಿದುಕೊಂಡಿದ್ದ. ಹೆಸರು ಬರೆಯದೆ ಇದ್ದಿದ್ದೇ ತಪ್ಪು ಅಂತ ಅವನಿಗೆ ವಿವರಿಸೋಕೆ ನನಗೆ ಸುಮಾರು ಹೊತ್ತು ಬೇಕಾಯಿತು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರದ್ದಾದರೂ ಕೆಲಸ, ದುಡ್ಡು, ತಪ್ಪು ಇವುಗಳ ಬಗ್ಗೆ ಈಮೇಲ್ ಬರೆದಾಗ ಕಳಿಸೋ ಮುಂಚೆ ಪ್ರತಿ ‘ಹೀ’, ‘ಹಿಸ್’, ‘ದೇ’, ‘ವೀ’, ‘ಇಟ್’ ಹತ್ರ ನಿಂತು, ಇದು ಯಾರು ಅಂತ ಕೇಳಿಕೊಳ್ತೀನಿ. ಉತ್ತರ ಎರಡು ಬಂದರೆ ಹೆಸರು ಹಾಕ್ತೀನಿ. ಉತ್ತರ ಬರದೇ ಇದ್ದರೆ ಅಲ್ಲಿ ಯಾರೋ ಅಡಗಿದ್ದಾರೆ ಅಂತ ಅರ್ಥ, ಬಹಳ ಸಲ ಅಡಗಿರೋದು ನಾನೇ.

ಅಕ್ಕನ ಮಗಳ ಇಪ್ಪತ್ತನೇ ವಾಕ್ಯಕ್ಕೆ ಕೊನೆಗೆ ‘ಯಾರೂ ಅಲ್ಲ’ ಅಂತ ಬರಿ ಅಂದೆ. ಹಾಗೇ ಬರೆದಳು. ಮಾರನೇ ದಿನ ಸಂಜೆ ಅಕ್ಕನ ಫೋನಿಂದ ವಾಯ್ಸ್ ಮೆಸೇಜ್ ಬಂತು: “ಮಾಮ, ಮಿಸ್ ಅದಕ್ಕೆ ರಾಂಗ್ ಹಾಕಿದ್ರು. ರೇನ್ ಅಂತ ಬರೀಬೇಕಿತ್ತಂತೆ. ನಾನು, ಹಾಗಾದ್ರೆ ರೇನ್ ಈಸ್ ರೇನಿಂಗಾ ಮಿಸ್ ಅಂತ ಕೇಳ್ದೆ. ಅವ್ರು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ನಾಳೆ ಹೇಳ್ತೀನಿ ಅಂದ್ರು.”

ಆ ಮಿಸ್ ಯಾರೋ ನನಗೆ ಗೊತ್ತಿಲ್ಲ. ಆದರೆ ಯೋಚನೆ ಮಾಡಿ ನಾಳೆ ಹೇಳ್ತೀನಿ ಅಂದರಲ್ಲ, ಅವರ ಬಗ್ಗೆ ನನಗೆ ಗೌರವ ಇದೆ.